ಆಫ್‌ಶೋರ್ ಕೆಲಸದ ‘ಪ್ಯಾಕೇಜ್’ ಮಾರುವವರಿಗೆ ಬಿಡಿಗಾಸೂ ಕೊಡಬೇಡಿ

ಸಮುದ್ರದ ಮಧ್ಯದ ತೈಲ-ಅನಿಲ ಪ್ಲಾಟ್‌ಫಾರ್ಮ್‌ನಲ್ಲಿ, ಬಾರ್ಜ್‌ನಲ್ಲಿ ವೆಲ್ಡರ್, ಫಿಟ್ಟರ್, ರಿಗ್ಗರ್, ಸ್ಕ್ಯಾಫೋಲ್ಡರ್ ಕೆಲಸ ಕೊಡಿಸ್ತೀವಿ, ಬೋಸಿಯೆಟ್ (ಸಮುದ್ರದ ಕೆಲಸಕ್ಕೆ ಬೇಕಾದ ಸುರಕ್ಷತಾ ತರಬೇತಿ), ಮೆಡಿಕಲ್, ವೀಸಾ, ಆಫರ್ ಲೆಟರ್ ಎಲ್ಲ ಸೇರಿ ಒಂದೇ ಪ್ಯಾಕೇಜ್ ಅಂತ ಯಾರಾದರೂ ಹೇಳಿದರೆ ಅಲ್ಲೇ ಫೋನ್ ಇಟ್ಟುಬಿಡಿ. ನನ್ನ ಹಣ ಹೋಯಿತು, ಬರುವ ಲಕ್ಷಣವೂ ಇಲ್ಲ. ಹಣಕ್ಕಿಂತ ಹೆಚ್ಚು ಉರಿಯುವುದು ಬೇರೆ: ಪೈಪ್ ವೆಲ್ಡಿಂಗ್ ಅಂದರೆ ಏನು ಅಂತ ಗೊತ್ತಿರುವವರನ್ನೇ ಕೂರಿಸಿ ಮಂಗ ಮಾಡಿದರಲ್ಲ!

ಬಲೆ ಹೇಗಿದೆ ನೋಡಿ. ಈ ಕಸುಬಿನಲ್ಲಿ ಬೋಸಿಯೆಟ್, ಮೆಡಿಕಲ್ ಖರ್ಚನ್ನು ಕೆಲಸಗಾರನೇ ಹಾಕಿಕೊಳ್ಳುವುದು ಹೊಸದೇನಲ್ಲ. ಎಷ್ಟೋ ಕಾಂಟ್ರ್ಯಾಕ್ಟರುಗಳು ಸರ್ಟಿಫಿಕೇಟ್ ಚಾಲ್ತಿಯಲ್ಲಿದ್ದರೆ ಮಾತ್ರ ಮುಂದೆ ಮಾತಾಡುತ್ತಾರೆ. ಇವರು ಅಡಗಿ ಕೂತಿರುವುದೇ ಅಲ್ಲಿ. “ಕೆಲಸಕ್ಕೆ ದುಡ್ಡು ಕೊಡಿ” ಅಂತ ನೇರವಾಗಿ ಕೇಳಿದ್ದರೆ ಯಾರು ಕೊಡುತ್ತಿದ್ದರು? “ಟ್ರೈನಿಂಗ್ ಫೀಸ್ ಸರ್, ಕೆಲಸಕ್ಕೆ ನಾವು ಏನೂ ತಗೊಳ್ಳಲ್ಲ” ಅನ್ನುತ್ತಾರೆ. ಕೇಳಿದವರಿಗೆ ಸರಿ ಅನಿಸುತ್ತದೆ. ಆದರೆ ಆ ಹಣ ಹೋಗುವುದು ಟ್ರೈನಿಂಗ್ ಸೆಂಟರಿಗಲ್ಲ, ಏಜೆಂಟನ ಖಾತೆಗೆ. ಇಡೀ ಮೋಸದ ಬೇರು ಇದೊಂದೇ.

ಬೋಸಿಯೆಟ್ ಗೊತ್ತಿಲ್ಲದವರಿಗೆ ಎರಡು ಮಾತು. ಓಪಿಟೋ (ಆಫ್‌ಶೋರ್ ತರಬೇತಿಯ ಮಟ್ಟ ನಿಗದಿ ಮಾಡುವ ಸಂಸ್ಥೆ) ಮಾನ್ಯತೆ ಇರುವ ಸೆಂಟರಿನಲ್ಲಿ ಸಾಮಾನ್ಯವಾಗಿ 3 ದಿನದ ಕೋರ್ಸ್. ಸೇಫ್ಟಿ ಇಂಡಕ್ಷನ್, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಹ್ಯೂಯೆಟ್, ಅಂದರೆ ನೀರಲ್ಲಿ ಮುಳುಗಿದ ಹೆಲಿಕಾಪ್ಟರಿನಿಂದ ಹೊರಬರುವ ಅಭ್ಯಾಸ. ಹೆಲಿಕಾಪ್ಟರ್ ಮಾದರಿಯ ಕ್ಯಾಬಿನ್‌ನಲ್ಲಿ ಬೆಲ್ಟ್ ಹಾಕಿ ಕೂರಿಸಿ, ಕೊಳಕ್ಕೆ ಇಳಿಸಿ, ತಲೆಕೆಳಗು ಮಾಡುತ್ತಾರೆ. ಹೆಲಿಕಾಪ್ಟರಿನ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಭಾರವೂ ಮೇಲೇ ಇರುವುದರಿಂದ ನೀರಿಗೆ ಬಿದ್ದರೆ ಅದು ಮಗುಚಿಕೊಳ್ಳುವ ಸಾಧ್ಯತೆಯೇ ಹೆಚ್ಚು, ಅದಕ್ಕೇ ಈ ಅಭ್ಯಾಸ. ಒಂದು ಕೈ ಕಿಟಕಿಯ ಅಂಚಿನ ಮೇಲೆ, ಒಂದು ಕೈ ಬೆಲ್ಟಿನ ಬಕಲ್ ಮೇಲೆ. ಮೊದಲು ಕಿಟಕಿ ತಳ್ಳಬೇಕು, ಆಮೇಲೆ ಬಕಲ್ ಬಿಚ್ಚಬೇಕು. ಬಕಲ್ ಮೊದಲು ಬಿಚ್ಚಿದರೆ ದೇಹ ತೇಲಿಬಿಡುತ್ತದೆ, ಕಿಟಕಿ ತಳ್ಳಲು ಬಲ ಸಿಗುವುದಿಲ್ಲ. ಥಿಯರಿ ಆನ್‌ಲೈನ್ ಇರಬಹುದು. ಮುಳುಗುವುದು ಆನ್‌ಲೈನ್ ಆಗುವುದಿಲ್ಲ!

ಇವರು ಕಳಿಸಿದ್ದು ‘ಪ್ರೊವಿಷನಲ್’ ಸರ್ಟಿಫಿಕೇಟ್. “ಪ್ರಾಕ್ಟಿಕಲ್ ಜಾಯ್ನಿಂಗ್ ಪೋರ್ಟ್‌ನಲ್ಲಿ ಮಾಡಿಸ್ತಾರೆ ಸರ್, ಈಗ ಇದು ವೀಸಾಕ್ಕೆ ಸಾಕು.” ಹಾಗೆ ಒಂದು ಪದ್ಧತಿಯೇ ಇಲ್ಲ. ಪ್ರಾಕ್ಟಿಕಲ್ ಮುಗಿಯದೆ ಬೋಸಿಯೆಟ್ ಸರ್ಟಿಫಿಕೇಟ್ ಅನ್ನುವುದೇ ಇಲ್ಲ. ಲೋಗೋ ಅಚ್ಚುಕಟ್ಟು, ಸಹಿ ಅಚ್ಚುಕಟ್ಟು, ನಂಬರ್ ಇದೆ. ಆ ನಂಬರನ್ನು ಹೆಸರು, ಹುಟ್ಟಿದ ದಿನಾಂಕದ ಜೊತೆ ಓಪಿಟೋ ದಾಖಲೆಯಲ್ಲಿ ಪರಿಶೀಲಿಸಿದರೆ ಏನೂ ಇಲ್ಲ. ಖಾಲಿ.

ಅದಕ್ಕೆ ಬಂದ ಉತ್ತರಗಳನ್ನು ಹಾಗೇ ಇಡುತ್ತೇನೆ. “ಸರ್ವರ್ ಅಪ್‌ಡೇಟ್ ಆಗಿಲ್ಲ ಸರ್.” ಆಮೇಲೆ, “ಬ್ಯಾಚ್ ಎಲ್ಲ ಒಟ್ಟಿಗೆ ಅಪ್‌ಲೋಡ್ ಆಗುತ್ತೆ, ಸ್ವಲ್ಪ ತಾಳ್ಮೆ ಇರಲಿ.” ಆಮೇಲೆ, “ಬ್ರದರ್, ನಿಮಗೆ ಕೆಲಸ ಬೇಕಾ, ಸರ್ಟಿಫಿಕೇಟ್ ಚೆಕ್ ಮಾಡೋದು ಬೇಕಾ?” ಈ ಕೊನೆಯದು ಬಂದಾಗ ಹಣ ಆಗಲೇ ಅವರ ಕೈಯಲ್ಲಿತ್ತು, ಅದಕ್ಕೇ ಆ ಧಿಮಾಕು. ಮೈಯೆಲ್ಲ ಉರಿದುಹೋಯಿತು.

ಇನ್ನೊಂದು ನೋಡಿ. ಕೆಲಸ ನಾರ್ತ್ ಸೀಯ ಬ್ರಿಟಿಷ್ ವಲಯದಲ್ಲಿ ಅಂತ ಆಫರ್ ಲೆಟರ್. ಸರ್ಟಿಫಿಕೇಟ್ ಮಾತ್ರ ಟ್ರಾಪಿಕಲ್ ಬೋಸಿಯೆಟ್! ಅದು ಬೆಚ್ಚಗಿನ ಸಮುದ್ರದ ಕೋರ್ಸ್, ಅದರಲ್ಲಿ ತಣ್ಣೀರಿನಿಂದ ಮೈ ಕಾಯುವ ಇಮರ್ಷನ್ ಸೂಟ್ ಅಭ್ಯಾಸ ಇರುವುದಿಲ್ಲ, ಉಸಿರಾಟದ ತುರ್ತು ಸಾಧನದ ಅಭ್ಯಾಸವೂ ಇರುವುದಿಲ್ಲ. ನಾರ್ತ್ ಸೀಗೆ ಅದು ನಡೆಯುವುದಿಲ್ಲ. 2013ರ ಆಗಸ್ಟ್‌ನಲ್ಲಿ ಶೆಟ್‌ಲ್ಯಾಂಡ್‌ನ ಸಂಬರಾ ಬಳಿ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಮಗುಚಿ, 18 ಜನರಲ್ಲಿ 4 ಜನ ಸತ್ತ ಮೇಲೆ ಅಲ್ಲಿ ನಿಯಮ ಬಿಗಿಯಾಯಿತು. ಸಂಕುಚಿತ ಗಾಳಿಯ ಸಾಧನ, ಅಂದರೆ ಸಿಎ-ಇಬಿಎಸ್ ಕಡ್ಡಾಯ. 2015ರಿಂದ ಭುಜದ ಅಗಲವನ್ನೂ ಅಳೆಯುತ್ತಾರೆ: 22 ಇಂಚು ಮುಟ್ಟಿದರೆ ದೊಡ್ಡ ಕಿಟಕಿ ಪಕ್ಕದ ಸೀಟೇ ಆಗಬೇಕು. ನಾರ್ತ್ ಸೀಗೆ ಕಳಿಸುತ್ತೇವೆ ಅನ್ನುವವರು ಭುಜದ ಅಳತೆಯನ್ನೇ ಕೇಳಲಿಲ್ಲ ಅಂದರೆ ಏನರ್ಥ? ಟ್ರಾಪಿಕಲ್ ಯಾಕೆ ಅಂತ ಕೇಳಿದ್ದಕ್ಕೆ ಉತ್ತರ: “ಸಮುದ್ರ ಎಲ್ಲ ಒಂದೇ ಅಲ್ವಾ ಸರ್.”

ಸಮುದ್ರ ಎಲ್ಲ ಒಂದೇ ಅಂತೆ!

ಆಫರ್ ಲೆಟರಿನ ಕಥೆ ಇನ್ನೂ ಚೆಂದ. ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ, ತಿಂಗಳ ಸಂಬಳ, ಸಂಸಾರಕ್ಕೆ ಉಚಿತ ವಸತಿ. ಸಮುದ್ರದ ಮಧ್ಯೆ ಸಂಸಾರ! ಪ್ಲಾಟ್‌ಫಾರ್ಮ್ ಮೇಲೆ ಎಷ್ಟು ತಲೆ ಇರಬಹುದು ಅನ್ನುವುದನ್ನು ಬಂಕ್ ಮತ್ತು ಲೈಫ್‌ಬೋಟ್ ಸೀಟಿನ ಲೆಕ್ಕ ತೀರ್ಮಾನಿಸುತ್ತದೆ, ಅತಿಥಿ ಸತ್ಕಾರ ಅಲ್ಲ. ಕನ್‌ಸ್ಟ್ರಕ್ಷನ್ ಅಂದರೆ 12 ಗಂಟೆ ಶಿಫ್ಟ್, ವಾರಕ್ಕೆ 7 ದಿನ, ರೊಟೇಷನ್ (ಕೆಲವು ವಾರ ಕೆಲಸ, ಆಮೇಲೆ ಬಿಡುವು). ಮಾತು ಹೆಚ್ಚಾಗಿ ದಿನದ ರೇಟಿನಲ್ಲಿ. ನಿಜವಾದ ಕಾಂಟ್ರ್ಯಾಕ್ಟಿನಲ್ಲಿ ಕೆಲಸವಿಲ್ಲದೆ ಕಾಯುವ ದಿನದ ಸ್ಟ್ಯಾಂಡ್‌ಬೈ ರೇಟ್ ಎಷ್ಟು, ಹೋಗಿ ಬರುವ ದಿನಗಳಿಗೆ ಹಣ ಇದೆಯೋ ಇಲ್ಲವೋ, ಹವಾಮಾನ ಕೆಟ್ಟು ಹೆಲಿಕಾಪ್ಟರ್ ಹಾರದಿದ್ದರೆ ಹೋಟೆಲ್ ಯಾರದು, ಟೈಮ್‌ಶೀಟಿಗೆ ಯಾರ ಸಹಿ ಅನ್ನುವುದೆಲ್ಲ ಇರುತ್ತದೆ. ಇದರಲ್ಲಿ ಅದೊಂದೂ ಇಲ್ಲ. ಹಬ್ಬದ ಬೋನಸ್ ಮಾತ್ರ ಇದೆ.

ಹಡಗಿನ ನಂಬರನ್ನೂ ಕೊಟ್ಟಿದ್ದರು, ಪೈಪ್‌ಲೇ ವೆಸೆಲ್, ಅಂದರೆ ಸಮುದ್ರದ ತಳದಲ್ಲಿ ಪೈಪ್ ಹಾಕುವ ಹಡಗು ಅಂತ. ಹಡಗಿನ ಅಂತರರಾಷ್ಟ್ರೀಯ ಗುರುತು ಸಂಖ್ಯೆಯಾದ ಐಎಂಓ ನಂಬರ್ 7 ಅಂಕಿಯದು, ಅದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಮೊದಲ 6 ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ, ನಂಬರಿನ 7ನೇ ಅಂಕಿ ಎರಡೂ ಒಂದೇ ಆಗಿರಬೇಕು. ಉದಾಹರಣೆಗೆ 9074729: 63, 0, 35, 16, 21, 4 ಕೂಡಿದರೆ 139, ಕೊನೆಯದು 9, ಸರಿಹೋಯಿತು. ಲೆಕ್ಕ ತಾಳೆಯಾಯಿತು ಅಂತ ಅಲ್ಲಿಗೇ ಬಿಡಬೇಡಿ. ಇವರು ಕೊಟ್ಟ ನಂಬರ್ ಲೆಕ್ಕಕ್ಕೆ ಸರಿಯಾಗಿಯೇ ಇತ್ತು, ಹಡಗುಗಳ ಮಾಹಿತಿ ಕೊಡುವ ಈಕ್ವಾಸಿಸ್ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಕ್ಕಿದ್ದು ಬಲ್ಕ್ ಕ್ಯಾರಿಯರ್, ಅದಿರು, ಧಾನ್ಯ ಸಾಗಿಸುವ ಹಡಗು. ಪೈಪ್ ಹಾಕುವುದಿರಲಿ, ಅದರಲ್ಲಿ ವೆಲ್ಡರಿಗೆ ಏನು ಕೆಲಸ? (ಸ್ವಂತ ಎಂಜಿನ್ ಇಲ್ಲದ ಬಾರ್ಜ್‌ಗೆ ಐಎಂಓ ನಂಬರ್ ಇಲ್ಲದಿರಬಹುದು. ಆಗ ಬಾರ್ಜ್‌ನ ಹೆಸರು, ಮಾಲೀಕರ ಹೆಸರು ಕೇಳಿ ಅವರ ಆಫೀಸಿಗೇ ಬರೆಯಿರಿ.) ಇದಕ್ಕೂ ಉತ್ತರ ರೆಡಿ: “ಅದು ಟೈಪಿಂಗ್ ಮಿಸ್ಟೇಕ್. ತಿದ್ದಿ ಕಳಿಸ್ತೀವಿ, ಅಮೆಂಡ್‌ಮೆಂಟ್ ಚಾರ್ಜ್ ಆಗುತ್ತೆ.” ಅವರ ತಪ್ಪಿಗೆ ನಮ್ಮ ದುಡ್ಡು.

ಇಷ್ಟಾದ ಮೇಲೂ 6ಜಿ (ಓರೆಯಾಗಿ ಬಿಗಿದ ಪೈಪ್ ವೆಲ್ಡ್ ಮಾಡುವ ಪರೀಕ್ಷೆ) ಸರ್ಟಿಫಿಕೇಟ್ ಬೇರೆ ಮಾರಲು ಬಂದರು. ವೆಲ್ಡರುಗಳೇ, ಚೆನ್ನಾಗಿ ಕೇಳಿಸಿಕೊಳ್ಳಿ. ಕ್ವಾಲಿಫಿಕೇಷನ್ ಟೆಸ್ಟ್ ಮಾಡಿಸುವ ಜವಾಬ್ದಾರಿ ಕೆಲಸ ಕೊಡುವ ಕಂಪನಿಯದು, ಅವರ ಡಬ್ಲ್ಯೂಪಿಎಸ್ (ವೆಲ್ಡಿಂಗ್ ಹೇಗೆ ಮಾಡಬೇಕು ಅನ್ನುವ ಲಿಖಿತ ವಿಧಾನ) ಪ್ರಕಾರ. ಸಾಮಾನ್ಯವಾಗಿ ಯಾರ್ಡ್‌ನಲ್ಲೇ ಕೂಪನ್, ಅಂದರೆ ಪರೀಕ್ಷೆಯ ಲೋಹದ ತುಂಡು ಕೊಟ್ಟು ವೆಲ್ಡ್ ಮಾಡಿಸಿ, ಬಗ್ಗಿಸಿ ನೋಡುವ ಬೆಂಡ್ ಟೆಸ್ಟಿಗೆ ಇಲ್ಲವೇ ರೇಡಿಯೋಗ್ರಫಿಗೆ ಹಾಕುತ್ತಾರೆ. ಜ್ಯಾಕೆಟ್‌ನ (ಪ್ಲಾಟ್‌ಫಾರ್ಮನ್ನು ಹೊರುವ ಉಕ್ಕಿನ ಚೌಕಟ್ಟು) ಟಿ, ವೈ, ಕೆ ಆಕಾರದ ಜಾಯಿಂಟ್ ಕೆಲಸವಾದರೆ 6ಜಿಆರ್ ಕೇಳುತ್ತಾರೆ, ಕೈ ಆಡಲು ಜಾಗ ಕಡಿಮೆ ಮಾಡುವ ರೆಸ್ಟ್ರಿಕ್ಷನ್ ರಿಂಗ್ ಇಟ್ಟು. ಮೇಲಾಗಿ ವೆಲ್ಡಿಂಗ್ ಅರ್ಹತೆಯ ನಿಯಮ ಹೇಳುವ ಎಎಸ್‌ಎಂಇ ಸೆಕ್ಷನ್ 9 ಪ್ರಕಾರ ಆ ಪ್ರೊಸೆಸ್‌ನಲ್ಲಿ 6 ತಿಂಗಳು ಕೈ ಆಡಿಸದಿದ್ದರೆ ಕ್ವಾಲಿಫಿಕೇಷನ್ ಬಿದ್ದುಹೋಗುತ್ತದೆ. ಹೀಗಿರುವಾಗ ಏಜೆಂಟ್ ಮಾರುವ 6ಜಿ ಕಾಗದ ಯಾವ ಇನ್‌ಸ್ಪೆಕ್ಟರ್ ಮುಂದೆ ನಿಲ್ಲುತ್ತದೆ? ರೂಟ್, ಅಂದರೆ ಜಾಯಿಂಟಿನ ಮೊದಲ ಪದರ ಟಿಗ್ ವಿಧಾನದಲ್ಲೋ ಸ್ಟಿಕ್ ವಿಧಾನದಲ್ಲೋ ಅಂತ ಒಂದು ಪ್ರಶ್ನೆಯನ್ನೂ ಕೇಳದೆ ವೆಲ್ಡರನ್ನು ಆರಿಸಿದವರು ವೆಲ್ಡಿಂಗ್ ಕಂಡವರೇ ಅಲ್ಲ.

ಸರಿ, ಮಾಡಬೇಕಾದ್ದು ಇಷ್ಟು. ಬೋಸಿಯೆಟ್ ಬೇಕಿದ್ದರೆ ಓಪಿಟೋ ಪಟ್ಟಿಯಲ್ಲಿರುವ ಸೆಂಟರಿಗೆ ನೀವೇ ಹೋಗಿ, ಸೆಂಟರಿಗೇ ಹಣ ಕಟ್ಟಿ, ಸೆಂಟರಿನ ಹೆಸರಿನಲ್ಲೇ ರಸೀದಿ ತಗೊಳ್ಳಿ. 4 ವರ್ಷ ನಡೆಯುತ್ತದೆ, ಮುಗಿಯುವ ಮೊದಲೇ ನವೀಕರಣದ ಚಿಕ್ಕ ಕೋರ್ಸ್ ಆದ ಫೋಯೆಟ್ ಮಾಡಿಸಿ, ಅವಧಿ ದಾಟಿದರೆ ಮತ್ತೆ ಪೂರ್ತಿ ಕೋರ್ಸ್. ಯಾವ ಸಮುದ್ರ ಅಂತ ಗಟ್ಟಿಯಾಗುವ ತನಕ ಯಾವ ಬೋಸಿಯೆಟ್ ಅಂತ ತೀರ್ಮಾನಿಸಬೇಡಿ. ಬ್ರಿಟಿಷ್ ವಲಯದ ಮೆಡಿಕಲ್ ಆದರೆ ಓಇಯುಕೆ (ಬ್ರಿಟನ್ನಿನ ಆಫ್‌ಶೋರ್ ಉದ್ಯಮದ ಸಂಘ) ನೋಂದಣಿ ಇರುವ ಡಾಕ್ಟರ ಹತ್ತಿರವೇ. ಹಡಗಿನ ಸಿಬ್ಬಂದಿಯಾಗಿ ಕರೆದರೆ ಇದೊಂದು ನೆನಪಿರಲಿ: 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ಫೀಸ್ ತಗೊಳ್ಳುವಂತಿಲ್ಲ, ವೀಸಾ ಖರ್ಚು ಹಡಗಿನ ಮಾಲೀಕರದು. ಪಾಸ್‌ಪೋರ್ಟ್ ಯಾರ ಕೈಗೂ ಬಿಡಬೇಡಿ. “ಹೆಲಿಕಾಪ್ಟರ್ ಸೀಟ್ ಇವತ್ತೇ ಬ್ಲಾಕ್ ಮಾಡಬೇಕು” ಅಂತ ಅವಸರ ಮಾಡಿದರೆ ನಕ್ಕುಬಿಡಿ. ಆ ಸೀಟನ್ನು ಕೆಲಸಗಾರ ಕೊಳ್ಳುವುದಿಲ್ಲ, ಪ್ರಾಜೆಕ್ಟಿನ ಲಾಜಿಸ್ಟಿಕ್ಸ್‌ನವರು ಹಾಕುತ್ತಾರೆ.

ಹಣ ಕೊಟ್ಟಾಗಿದ್ದರೆ ಚಾಟ್, ವಾಯ್ಸ್ ಮೆಸೇಜ್, ಖಾತೆ ನಂಬರ್, ಸರ್ಟಿಫಿಕೇಟ್ ಫೈಲ್ ಯಾವುದನ್ನೂ ಅಳಿಸದೆ ಕೂಡಲೇ ಬ್ಯಾಂಕಿಗೆ, ಪೊಲೀಸರಿಗೆ ತಿಳಿಸಿ. ಸರ್ಟಿಫಿಕೇಟಿನ ಮೇಲೆ ಹೆಸರಿರುವ ಸೆಂಟರಿಗೂ ಕಳಿಸಿ. ಅವರ ಲೋಗೋ ಕದ್ದವರನ್ನು ಅವರೂ ಸುಮ್ಮನೆ ಬಿಡುವುದಿಲ್ಲ. ಆಮೇಲೆ ಕೆಲವು ದಿನಕ್ಕೆ ಯಾರೋ ‘ಲಾಯರ್’ ಫೋನ್ ಮಾಡಿ, ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೈಲ್ ಚಾರ್ಜ್ ಕಟ್ಟಿ ಅನ್ನುತ್ತಾನೆ. ನೀವು ಎಷ್ಟು ಕಳಕೊಂಡಿರಿ ಅನ್ನುವ ಲೆಕ್ಕ ಅವನಿಗೆ ಮೊದಲೇ ಗೊತ್ತಿರುತ್ತದೆ. ಯಾರು ಹೇಳಿರಬೇಕು ಅಂತ ನೀವೇ ಯೋಚಿಸಿ, ಅವನಿಗೂ ಏನೂ ಕೊಡಬೇಡಿ.