ಶಿರಸಿ ಜಾತ್ರೆಯಲ್ಲಿ ‘ತಾಮ್ರದ ಎರಡು ರೂಪಾಯಿ’ ಕೊಂಡು ಮೋಸಹೋದೆ, ನೀವು ಮೋಸಹೋಗಬೇಡಿ

ಮೂರು ಸಾವಿರದ ಐನೂರು ರೂಪಾಯಿ. ಎರಡು ರೂಪಾಯಿಯ ಒಂದೇ ಒಂದು ನಾಣ್ಯಕ್ಕೆ ನಾನು ಎಣಿಸಿ ಕೊಟ್ಟ ಹಣ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಏಕೆಂದರೆ ಅದನ್ನು ಮಾರಿದ ಮನುಷ್ಯ ಈಗಲೂ ಆಲ್ಬಂ ಹಿಡಿದು ಅಂಕೋಲಾ, ಕುಮಟಾ ಕಡೆ ಸುತ್ತುತ್ತಿದ್ದಾನೆ.

ಸಿಕ್ಕಿದ್ದು ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ. ನಾನು ಹದಿನೈದು ವರ್ಷಗಳಿಂದ ನಾಣ್ಯ ಕೂಡಿಡುತ್ತ ಬಂದವನು, ಹೊಸಬನಲ್ಲ. ಅವನು ತೆಗೆದು ತೋರಿಸಿದ್ದು 2012ರ ನಾಣ್ಯ, ವರ್ಷದ ಕೆಳಗೆ ಹೈದರಾಬಾದ್ ಟಂಕಸಾಲೆಯ ನಕ್ಷತ್ರ, ಮೈಯೆಲ್ಲ ತಾಮ್ರದ ಬಣ್ಣ. “ತಾಮ್ರದ ಬಿಲ್ಲೆ ತಪ್ಪಿ ಅಚ್ಚಿನೊಳಗೆ ಹೋಗಿದೆ ಸರ್. ಕರ್ನಾಟಕದಲ್ಲಿ ಇದೊಂದೇ.” ಹಳದಿ ಬಲ್ಬಿನ ಬೆಳಕಿನಲ್ಲಿ, ಜನರ ನೂಕುನುಗ್ಗಲಿನಲ್ಲಿ, ಬರೀ ಬಣ್ಣ ನೋಡಿ ಹಣ ಕೊಟ್ಟೆ. ಬರೀ ಬಣ್ಣ!

ಕಾರವಾರಕ್ಕೆ ಮರಳಿದ ಮೇಲೆ ಪರಿಚಯದ ಅಕ್ಕಸಾಲಿಗರಿಗೆ ಹೆಮ್ಮೆಯಿಂದ ತೋರಿಸಿದೆ. ಶೇಟರು ಮಾತಾಡದೆ ತಕ್ಕಡಿಗೆ ಹಾಕಿದರು. 4.86 ಗ್ರಾಂ. ಆ ಸಾಲಿನ ಉಕ್ಕಿನ ಎರಡು ರೂಪಾಯಿಯ ತೂಕವೇ 4.85 ಗ್ರಾಂ. ತಾಮ್ರ ಉಕ್ಕಿಗಿಂತ ಭಾರ, ಅದೇ ಗಾತ್ರದ ತಾಮ್ರದ ಬಿಲ್ಲೆಯಾಗಿದ್ದರೆ ಐದೂವರೆ ಗ್ರಾಂ ದಾಟಬೇಕಿತ್ತು. ಆಮೇಲೆ ಅವರು ಪುಡಿಚಿನ್ನದಿಂದ ಕಬ್ಬಿಣದ ಚೂರು ತೆಗೆಯುವ ಅಯಸ್ಕಾಂತವನ್ನು ಹತ್ತಿರ ತಂದರು. ಟಕ್ ಎಂದು ಅಂಟಿಕೊಂಡಿತು. “ತಮ್ಮಾ, ತಾಮ್ರ ಹೀಗೆ ಅಂಟುತ್ತದೆಯೇ?” ಅಂಗಡಿಯಲ್ಲಿ ಬಳೆ ನೋಡುತ್ತಿದ್ದ ಇಬ್ಬರು ಹೆಂಗಸರು ನನ್ನ ಕಡೆ ತಿರುಗಿದರು. ಆ ಟಕ್ ಸದ್ದು ಇನ್ನೂ ಕಿವಿಯಲ್ಲಿದೆ. ಭೂತಗನ್ನಡಿ ಹಿಡಿದರೆ ಅಂಕಿಯ ಉಬ್ಬಿನ ಮೇಲೆ ಲೇಪ ಸವೆದು ಉಕ್ಕಿನ ಬಿಳುಪು ಕಾಣುತ್ತಿತ್ತು. ಜಾತ್ರೆಯಲ್ಲೇ ಕಾಣಬೇಕಿತ್ತು.

ಮಾರಿದವನಿಗೆ ಫೋನ್ ಮಾಡಿದೆ. ಮೊದಲ ಉತ್ತರ: “ನೀವೇ ನೋಡಿ ತೆಗೆದುಕೊಂಡಿದ್ದೀರಿ.” ಎರಡನೆಯದು: “ನಿಮ್ಮ ಕಾರವಾರದ ಉಪ್ಪುಗಾಳಿಗೆ ಹಾಗಾಗಿರಬಹುದು.” ಉಪ್ಪುಗಾಳಿಗೆ ತಾಮ್ರ ಉಕ್ಕಾಗುತ್ತದೆಯೇ? ಮೂರನೆಯ ಸಲ ಅವನು ಹೇಳಿದ್ದನ್ನು ನಾನು ಮರೆಯಲಾರೆ: “ಬೇಜಾರು ಬೇಡ ಸರ್, ಇಂಥದ್ದೇ ಇನ್ನೊಂದಿದೆ, ಕಡಿಮೆಗೆ ಕೊಡುತ್ತೇನೆ.” ಕರ್ನಾಟಕದಲ್ಲಿ ಇದೊಂದೇ ಎಂದವನು! ಆಮೇಲೆ ಫೋನ್ ಎತ್ತಲೇ ಇಲ್ಲ.

ಸಂಗ್ರಾಹಕರು ಹೆಚ್ಚು ಬೆಲೆ ಕೊಡುವ ಟಂಕಸಾಲೆಯ ತಪ್ಪು ಎಂದರೆ ಅಚ್ಚು ಬೀಳುವ ಹೊತ್ತಿಗೆ ಅಥವಾ ಅದಕ್ಕೂ ಮೊದಲೇ ಆದದ್ದು: ಚಿತ್ರ ಅಂಚಿಗೆ ಸರಿದಿರುವುದು, ತಪ್ಪು ಬಿಲ್ಲೆ, ಬ್ರಾಕೇಜ್ (ಮೊದಲು ಒತ್ತಿದ ನಾಣ್ಯ ಅಚ್ಚಿನಲ್ಲೇ ಸಿಕ್ಕಿಕೊಂಡು ಮುಂದಿನ ಬಿಲ್ಲೆಯ ಮೇಲೆ ಅದರ ಗುರುತು ಬೀಳುವುದು). ಬ್ರಾಕೇಜ್ ಎಂದು ತೋರಿಸಿದರೂ ನಂಬಬೇಡಿ. ನಿಜವಾದುದರಲ್ಲಿ ಒಂದು ಬದಿ ಸರಿಯಾಗಿದ್ದು, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ತಿರುಗುಮುರುಗಾಗಿ ಒಳಗಿಳಿದಿರುತ್ತದೆ. ಎರಡು ನಾಣ್ಯ ಒತ್ತಿಟ್ಟು ಸುತ್ತಿಗೆಯಿಂದ ಹೊಡೆದದ್ದರಲ್ಲಿ ಮೂಲ ಚಿತ್ರದ ಗುರುತು ಅಡಿಯಲ್ಲೇ ಉಳಿದಿರುತ್ತದೆ, ಬೆನ್ನು ಚಪ್ಪಟೆಯಾಗಿರುತ್ತದೆ. ಕೆಂಪಾದ ಐದು ರೂಪಾಯಿಯೂ ಅವನ ಆಲ್ಬಂನಲ್ಲಿತ್ತು. ಅದು ನಿಕ್ಕಲ್ ಹಿತ್ತಾಳೆ, ಉಪ್ಪುನೀರಿನಲ್ಲಿ ಬಹಳ ಕಾಲ ಬಿದ್ದಿದ್ದರೆ ಸತು ಕರಗಿಹೋಗಿ ತಾಮ್ರದ ಕೆಂಪು ಉಳಿಯುತ್ತದೆ. ಹೊಳೆಗೆ ಎಸೆದ ಕಾಣಿಕೆ ನಾಣ್ಯವನ್ನೇ ಹೆಕ್ಕಿ ತಂದಿದ್ದರೂ ಆಶ್ಚರ್ಯವಿಲ್ಲ.

ಜೇಬಿನಲ್ಲಿ ಸಣ್ಣ ಅಯಸ್ಕಾಂತ, ಚಿಕ್ಕ ತಕ್ಕಡಿ ಇರಲಿ. ತೂಕ ಮಾಡಲು ಒಪ್ಪದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನಗೆ ಮೋಸಮಾಡಿದವನು ನಡುವಯಸ್ಸಿನವನು, ಕೆಂಪು ರಟ್ಟಿನ ಆಲ್ಬಂ, ಮಾತೆತ್ತಿದರೆ “ಇದೊಂದೇ ಸರ್” ಎನ್ನುತ್ತಾನೆ.