ಜೋಡಿ ಕ್ಯಾನನ್ನೋ ಅಲ್ಲವೋ: ಆರ್ಕೈವ್ ಆಫ್ ಅವರ್ ಓನ್ ಬಳಸುವವರಿಗೆ

ಬಳ್ಳಾರಿಯಲ್ಲಿ ಒಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ಆನಿಮೆ, ಕಾದಂಬರಿ, ವೆಬ್ ಸರಣಿ ಅಂತ ಮಾತಿಗೆ ಕೂತ ಕಾಲೇಜು ಹುಡುಗ ಹುಡುಗಿಯರ ನಡುವೆ ವಾದ ಏಳುವುದು ಬಹುಪಾಲು ಒಂದೇ ಪ್ರಶ್ನೆಗೆ: ಆ ಇಬ್ಬರ ಜೋಡಿ ಕ್ಯಾನನ್ನೋ, ಅಲ್ಲವೋ? ಮೂಲ ಕೃತಿ ತಾನೇ ಹೇಳಿದ್ದು ಕ್ಯಾನನ್. ಅಭಿಮಾನಿಗಳು ಮನಸ್ಸಿನಲ್ಲಿ ಕಟ್ಟಿಕೊಂಡದ್ದು ಬೇರೆ. ಈ ವಾದದಲ್ಲಿ ಸಾಕ್ಷಿ ಅಂತ ಮೊಬೈಲ್ ತೆಗೆದು ತೋರಿಸುವುದು ಸಾಮಾನ್ಯವಾಗಿ ಆರ್ಕೈವ್ ಆಫ್ ಅವರ್ ಓನ್ ಎಂಬ, ಅಭಿಮಾನಿಗಳು ಬರೆದ ಕಥೆಗಳ ಆನ್‌ಲೈನ್ ಸಂಗ್ರಹವನ್ನು. 2009ರಿಂದ ನಡೆಯುತ್ತಿರುವ, ಸ್ವಯಂಸೇವಕರು ನೋಡಿಕೊಳ್ಳುವ, ದೇಣಿಗೆಯಿಂದ ಬದುಕಿರುವ ಜಾಗ ಇದು. ಜಾಹೀರಾತಿಲ್ಲ, ಓದಲು ದುಡ್ಡು ಕೊಡಬೇಕಿಲ್ಲ. ಅಭಿಮಾನಿಗಳು ಬರೆದ ಕಥೆ ಓದಲು ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಇನ್ನೊಂದಿಲ್ಲ. ಆದರೆ ಜೋಡಿಯ ತೀರ್ಪನ್ನು ಇಲ್ಲಿ ಕೇಳಬಾರದು. ಎಲ್ಲರೂ ಎಡವುವುದು ಇಲ್ಲೇ.

ಮೊದಲ ಎಡವಟ್ಟು ಒಂದು ಪದದ್ದು. ಟ್ಯಾಗ್ ಅಂದರೆ ಕಥೆಗೆ ಅಂಟಿಸುವ ಗುರುತಿನ ಚೀಟಿ. ಜೋಡಿಗಳ ಟ್ಯಾಗ್ ಪುಟ ತೆರೆದರೆ ಹಲವು ಕಡೆ ‘ಇದು ಕ್ಯಾನೊನಿಕಲ್ ಟ್ಯಾಗ್’ ಎಂಬ ಸಾಲು ಕಾಣುತ್ತದೆ. ಅದನ್ನು ನೋಡಿದ ಹೊಸಬರು ಗೆದ್ದೆವು ಅಂತ ಕುಣಿಯುತ್ತಾರೆ. ಅದರ ಅರ್ಥವೇ ಬೇರೆ. ಒಂದೇ ಜೋಡಿಯನ್ನು ಬರೆಯುವವರು ಹತ್ತು ಬಗೆಯಲ್ಲಿ ಬರೆಯುತ್ತಾರೆ: ಅಡ್ಡಹೆಸರು, ಅರ್ಧ ಹೆಸರು, ಎರಡು ಹೆಸರು ಕೂಡಿಸಿದ ಹೊಸ ಹೆಸರು. ಟ್ಯಾಗ್ ರ‍್ಯಾಂಗ್ಲರ್ ಎಂಬ ಸ್ವಯಂಸೇವಕರು ಅವನ್ನೆಲ್ಲ ಒಂದು ಪ್ರಮಾಣರೂಪಕ್ಕೆ ಗಂಟು ಹಾಕುತ್ತಾರೆ. ಆ ಪ್ರಮಾಣರೂಪಕ್ಕೆ ಇಟ್ಟ ಹೆಸರೇ ಕ್ಯಾನೊನಿಕಲ್. ಫಿಲ್ಟರಿನಲ್ಲಿ ಹುಡುಕಲು ಸಿಗಲಿ ಅಂತ ಮಾಡಿದ ಏರ್ಪಾಡು, ಅಷ್ಟೆ. ಮೂಲದಲ್ಲಿ ಒಬ್ಬರನ್ನೊಬ್ಬರು ನೋಡಿಯೇ ಇಲ್ಲದ ಇಬ್ಬರ ಟ್ಯಾಗೂ ಕ್ಯಾನೊನಿಕಲ್ ಆಗಿರಬಹುದು.

ಎರಡನೆಯ ಎಡವಟ್ಟು ಕಥೆಗಳ ಎಣಿಕೆಯದು. ಹ್ಯಾರಿ ಪಾಟರ್ ತೆಗೆದುಕೊಳ್ಳಿ. 2007ರಲ್ಲಿ ಬಂದ ಏಳನೇ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಹ್ಯಾರಿ ಮತ್ತು ಜಿನ್ನಿ ಗಂಡಹೆಂಡಿರು. ಮೂರು ಮಕ್ಕಳನ್ನು ಕರೆದುಕೊಂಡು ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಾರೆ. ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಆದರೂ ಸಂಗ್ರಹದಲ್ಲಿ ಹ್ಯಾರಿ ಮತ್ತು ಅವನ ಶಾಲೆಯ ಎದುರಾಳಿ ಡ್ರೇಕೊ ಜೋಡಿಯ ಕಥೆಗಳು ಹ್ಯಾರಿ–ಜಿನ್ನಿ ಕಥೆಗಳಿಗಿಂತ ತುಂಬಾ ಹೆಚ್ಚು. ಮೂಲ ತುಂಬಿಕೊಟ್ಟ ಜಾಗದಲ್ಲಿ ಅಭಿಮಾನಿಗೆ ಬರೆಯಲು ಕಡಿಮೆ ಕೆಲಸ. ಖಾಲಿ ಬಿಟ್ಟ ಕಡೆ ಕೈ ಹೆಚ್ಚು ಓಡುತ್ತದೆ. ಎಣಿಕೆ ಅಳೆಯುವುದು ಬರೆಯುವ ಆ ಆಸೆಯನ್ನು.

ಎಣಿಕೆಯನ್ನೇ ನೋಡಬೇಕೆಂದರೂ ಸರಿಯಾಗಿ ನೋಡಿ. ಟ್ಯಾಗಿನ ಮೊತ್ತದಲ್ಲಿ ಆ ಜೋಡಿ ಎಲ್ಲೋ ಹಿನ್ನೆಲೆಯಲ್ಲಿ ಸುಳಿದುಹೋದ ಕಥೆಗಳೂ ಸೇರಿರುತ್ತವೆ. ಫಿಲ್ಟರಿನ ‘ಸರ್ಚ್ ವಿದಿನ್ ರಿಸಲ್ಟ್ಸ್’ ಜಾಗದಲ್ಲಿ ಇಂಗ್ಲಿಷಿನಲ್ಲಿ ಓಟಿಪಿ, ಕೋಲನ್, ಟ್ರೂ ಎಂದು ಜಾಗ ಬಿಡದೆ ಟೈಪ್ ಮಾಡಿದರೆ ಒಂದೇ ಜೋಡಿಯ ಟ್ಯಾಗ್ ಇರುವ ಕಥೆಗಳು ಮಾತ್ರ ಉಳಿಯುತ್ತವೆ. ಈ ಓಟಿಪಿ ಬ್ಯಾಂಕಿನದಲ್ಲ. ಅಭಿಮಾನಿಯ ಪಾಲಿಗೆ ಅದು ತನ್ನ ಏಕೈಕ ನಿಜವಾದ ಜೋಡಿ. ಹೆಸರುಗಳ ನಡುವಿನ ಗುರುತನ್ನೂ ಗಮನಿಸಿ: ಓರೆಗೆರೆ (/) ಇದ್ದರೆ ಪ್ರೇಮ ಅಥವಾ ದೇಹಸಂಬಂಧ, ‘&’ ಇದ್ದರೆ ಗೆಳೆತನ, ಬಂಧುತ್ವ. ಓರೆಗೆರೆಯ ರೂಢಿ 1970ರ ದಶಕದ ಸ್ಟಾರ್ ಟ್ರೆಕ್ ಅಭಿಮಾನಿಗಳ ಕರ್ಕ್/ಸ್ಪಾಕ್ ಕಥೆಗಳಿಂದ ಬಂದದ್ದು. ‘ಕ್ಯಾನನ್ ಕಂಪ್ಲಯಂಟ್’ ಎಂಬ ಟ್ಯಾಗನ್ನು ಲೇಖಕರೇ ಹಾಕಿಕೊಳ್ಳುತ್ತಾರೆ. ಅದು ನಿಜವೋ ಅಂತ ಯಾರೂ ಪರೀಕ್ಷಿಸುವುದಿಲ್ಲ.

ಹಾಗಾದರೆ ತೀರ್ಪು ಎಲ್ಲಿ? ಮೊದಲು ಯಾವ ಮೂಲ ಎಂಬುದನ್ನು ಗೊತ್ತು ಮಾಡಿಕೊಳ್ಳಬೇಕು. ಈ ವಿವೇಕ ನಮ್ಮ ಸೀಮೆಗೆ ಹೊಸದಲ್ಲ. ರಾತ್ರಿಯಿಡೀ ದೊಡ್ಡಾಟ ನೋಡುವ ಹಳ್ಳಿಯ ಹಿರಿಯರು ‘ಆಟದಾಗ ಹಂಗೈತಿ, ಭಾರತದಾಗ ಹಂಗಿಲ್ಲ’ ಅಂತ ಎರಡನ್ನೂ ಬೇರೆ ಇಟ್ಟೇ ಎರಡನ್ನೂ ಸವಿಯುತ್ತಾರೆ. ವ್ಯಾಸಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರು. ಪಂಪಭಾರತದಲ್ಲಿ ಅವಳು ಅರ್ಜುನನೊಬ್ಬನ ಹೆಂಡತಿ. ‘ದ್ರೌಪದಿ–ಭೀಮ ಕ್ಯಾನನ್ನೇ?’ ಎಂದರೆ ‘ಯಾರ ಭಾರತದಲ್ಲಿ?’ ಎಂದು ತಿರುಗಿ ಕೇಳಲೇಬೇಕು. ಆರ್ಕೈವಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಷರ್ಲಾಕ್ ಹೋಮ್ಸನ ಮೂಲ ಕಥೆಗಳಿಗೆ ಒಂದು ವಿಭಾಗ, ಟಿವಿ ಸರಣಿಗೆ ಇನ್ನೊಂದು. ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಕಥೆಗಳ ವಿಭಾಗಕ್ಕೆ ಹೋಗಬೇಕಾದವರು ಟಿವಿಯ ವಿಭಾಗದಲ್ಲಿ ಹುಡುಕಿ ಕಂಗೆಡುವುದು ಬೇಡ.

ಮೂಲ ಗೊತ್ತಾದ ಮೇಲೆ ಅದರ ಪಠ್ಯ. ಇಲ್ಲಿ ಪಂಪನ ಭಾನುಮತಿಯ ಪದ್ಯಕ್ಕಿಂತ ಒಳ್ಳೆಯ ಪಾಠವಿಲ್ಲ. ದುರ್ಯೋಧನನ ಹೆಂಡತಿ ಭಾನುಮತಿ ನೆತ್ತ (ಪಗಡೆ) ಆಡಿ ಸೋಲುತ್ತಾಳೆ, ಪಣ ಕೊಡೆಂದು ಕಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತವೆ. ಎದುರು ಕೂತು ಆಡಿದವನು ಕರ್ಣನೋ ದುರ್ಯೋಧನನೋ? ‘ಕಾಡುತ್ತಿರೆ’ ಎಂಬ ಕ್ರಿಯೆಗೆ ಪದ್ಯದಲ್ಲಿ ಕರ್ತೃವಿನ ಹೆಸರಿಲ್ಲ. ವಿದ್ವಾಂಸರು ಎರಡೂ ಕಡೆ ವಾದಿಸಿದ್ದಾರೆ. ಜೋಡಿಯ ವಿಷಯದಲ್ಲೂ ಕೇಳಬೇಕಾದದ್ದು ಇಂಥದ್ದೇ: ಕ್ರಿಯೆ ಯಾರದು, ಮಾತು ಯಾರದು, ಪಠ್ಯ ಹೆಸರಿಟ್ಟು ಹೇಳಿದೆಯೇ? ಹೇಳದಿದ್ದರೆ ಅದು ಸಾಧ್ಯತೆ. ಸಾಧ್ಯತೆಗೂ ಬೆಲೆಯಿದೆ, ಆದರೆ ಅದನ್ನು ಕ್ಯಾನನ್ ಅನ್ನಬಾರದು.

ಪಠ್ಯದ ಆಚೆ ಸೃಷ್ಟಿಕರ್ತರ ಮಾತು ಬರುತ್ತದೆ. ದಿ ಲೆಜೆಂಡ್ ಆಫ್ ಕೋರಾ ಎಂಬ ಆನಿಮೇಷನ್ ಸರಣಿ 2014ರ ಡಿಸೆಂಬರಿನಲ್ಲಿ ಮುಗಿದಾಗ ಕೋರಾ ಮತ್ತು ಅಸಾಮಿ ಕೈ ಹಿಡಿದು ಬೆಳಕಿನೊಳಗೆ ನಡೆದರು. ಅದು ಪ್ರೇಮವೇ ಎಂದು ಸೃಷ್ಟಿಕರ್ತರು ಕೆಲವೇ ದಿನಗಳಲ್ಲಿ ಬರೆದು ಹೇಳಿದರು. 2017ರ ಕಾಮಿಕ್ಸ್ ಅದನ್ನು ಚಿತ್ರದಲ್ಲೇ ತೋರಿಸಿತು. ಸುಳಿವು, ಹೇಳಿಕೆ, ಮುಂದುವರಿದ ಕೃತಿ ಮೂರೂ ಒಂದೇ ದಿಕ್ಕು ತೋರಿದಾಗ ವಾದ ಮುಗಿಯುತ್ತದೆ. ಹೇಳಿಕೆಯೊಂದೇ ಇದ್ದರೆ ಅದನ್ನು ಹೇಳಿಕೆ ಅಂತಲೇ ಬರೆದಿಡಿ. ಹಕ್ಕುದಾರರು ಇದ್ದದ್ದನ್ನು ಹೊರಗೆ ಹಾಕುವುದೂ ಉಂಟು. ಸ್ಟಾರ್ ವಾರ್ಸ್ ಕಾದಂಬರಿ, ಕಾಮಿಕ್ಸ್‌ಗಳಲ್ಲಿ ಲ್ಯೂಕ್ ಮತ್ತು ಮಾರಾ ಜೇಡ್ ಮದುವೆಯಾಗಿ ಮಗನನ್ನೂ ಪಡೆದಿದ್ದರು. 2014ರ ಏಪ್ರಿಲಿನಲ್ಲಿ ಆ ಕಥಾಲೋಕಕ್ಕೆ ‘ಲೆಜೆಂಡ್ಸ್’ ಹೆಸರಿಟ್ಟು ಕ್ಯಾನನ್ನಿನಿಂದ ಆಚೆ ಇಟ್ಟರು. ಹಾಗಾಗಿ ಉತ್ತರದ ಪಕ್ಕದಲ್ಲಿ ಇಸವಿಯನ್ನೂ ಹೇಳಬೇಕು.

ಡಬ್ಬಿಂಗ್, ಸಬ್‌ಟೈಟಲ್ ಮಾತ್ರ ಸಾಕ್ಷಿಯಾಗಿ ಬೇಡ. ಇಂಗ್ಲಿಷಿನ ಒಂದೇ ಸರ್ವನಾಮಕ್ಕೆ ಕನ್ನಡದಲ್ಲಿ ‘ನೀನು’ ಅಂತಲೂ ‘ನೀವು’ ಅಂತಲೂ ಹಾಕಬಹುದು. ಅನುವಾದಕರು ‘ನೀವು’ ಹಾಕಿದರೆ ಇಬ್ಬರ ನಡುವೆ ಗೋಡೆ ಏಳುತ್ತದೆ, ‘ನೀನು’ ಹಾಕಿದರೆ ಸಲಿಗೆ ಬರುತ್ತದೆ. ಮೂಲದಲ್ಲಿ ಎರಡೂ ಇಲ್ಲ.

ಬಳಕೆಗೆ ಬಂದರೆ, ಓದಲು ಖಾತೆ ಬೇಕಿಲ್ಲ. ಕೆಲವು ಕಥೆಗಳಷ್ಟೇ ಖಾತೆ ಇದ್ದವರಿಗೆ ತೆರೆದುಕೊಳ್ಳುತ್ತವೆ. ಖಾತೆಗೆ ಆಹ್ವಾನದ ಸರದಿಯಲ್ಲಿ ಇಮೇಲ್ ಕೊಟ್ಟು ಕಾಯಬೇಕು. ರೇಟಿಂಗ್ ನೋಡದೆ ತೆರೆಯಬೇಡಿ; ‘ಎಕ್ಸ್‌ಪ್ಲಿಸಿಟ್’, ‘ಮೆಚೂರ್’ ಎರಡೂ ದೊಡ್ಡವರ ಓದು, ‘ನಾಟ್ ರೇಟೆಡ್’ನಲ್ಲಿ ಏನಾದರೂ ಇರಬಹುದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಸಿಗ್ನಲ್ ಹೋದಾಗಲೂ ಓದಬೇಕೆಂದರೆ ಹತ್ತುವ ಮೊದಲೇ ಇಪಬ್ (ಇ-ಪುಸ್ತಕದ ಕಡತ) ಇಳಿಸಿಕೊಳ್ಳಿ. ಅಕ್ಷರ ದೊಡ್ಡದು ಮಾಡಿಕೊಳ್ಳಲು ಪಿಡಿಎಫ್‌ಗಿಂತ ಅದೇ ಅನುಕೂಲ. ಆರ್ಕೈವಿಗೆ ತನ್ನದೇ ಆ್ಯಪ್ ಇಲ್ಲ. ಅದರ ಹೆಸರಿನಲ್ಲಿ ಆ್ಯಪ್ ಕೊಟ್ಟು ಚಂದಾ ಕೇಳಿದರೆ ದುಡ್ಡು ಕೊಡಬೇಡಿ, ಬ್ರೌಸರಿನಲ್ಲೇ ತೆರೆಯಿರಿ.