ಮೊಲದ ಚಿತ್ರ ನಂಬಿ ಕೊಂಡ ಶಾಂಪೂ, ಆಮೇಲೆ ಸಿಕ್ಕಿದ್ದೆಲ್ಲ

ಮೂರು ತಿಂಗಳಲ್ಲಿ ನಮ್ಮ ಬಚ್ಚಲುಮನೆಯ ಗೂಡಿನಲ್ಲಿದ್ದ ಬಾಟಲಿ, ಡಬ್ಬಿಗಳನ್ನೆಲ್ಲ ಒಂದೊಂದಾಗಿ ಬದಲಿಸಿದ್ದೇನೆ. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡದ ಶಾಂಪೂ, ಫೇಸ್‌ವಾಶ್, ಲಿಪ್‌ಸ್ಟಿಕ್ಕೇ ಬೇಕು ಅಂತ ಹಟ ಹಿಡಿದು ಹುಡುಕಿದೆ. ಏನು ಸಿಕ್ಕಿತು, ಏನು ಒಗ್ಗಿತು ಅಂತ ಬರೆಯುತ್ತಿದ್ದೇನೆ. ನಾನಿರುವುದು ಮೈಸೂರಿನಲ್ಲಿ.

ಮೊದಲು ಮೋಸ ಹೋದ ಕತೆ. ಆನ್‌ಲೈನ್‌ನಲ್ಲಿ ಒಂದು ಶಾಂಪೂ ತರಿಸಿದೆ, ಹೆಸರು ಬೇಡ. ಬಾಟಲಿಯ ಹಿಂದೆ ಮುದ್ದಾದ ಮೊಲದ ಚಿತ್ರ, ಪಕ್ಕದಲ್ಲಿ ‘ಕ್ರುಯೆಲ್ಟಿ ಫ್ರೀ’, ಅಂದರೆ ಪ್ರಾಣಿಹಿಂಸೆ ಇಲ್ಲದ್ದು ಅನ್ನುವ ಅಕ್ಷರ. ಖುಷಿಯಿಂದ ಅರ್ಧ ಬಾಟಲಿ ಖಾಲಿ ಮಾಡಿದ ಮೇಲೆ ಸುಮ್ನೆ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡದ ಕಂಪನಿಗಳ ಪಟ್ಟಿಗಳಲ್ಲಿ ಹುಡುಕಿ ನೋಡಿದರೆ ಎಲ್ಲೂ ಆ ಹೆಸರಿಲ್ಲ. ಕಸ್ಟಮರ್ ಕೇರ್‌ಗೆ ಎರಡು ಸಲ ಬರೆದೆ. ‘ನಮ್ಮದು ಪೂರ್ತಿ ನ್ಯಾಚುರಲ್ ಮೇಡಂ’ ಅಂತ ಉತ್ತರ ಬಂತು. ನಾನು ಕೇಳಿದ್ದು ಅದಲ್ಲವೇ ಅಲ್ಲ! ಮೊಲದ ಚಿತ್ರವನ್ನು ಯಾರು ಬೇಕಾದರೂ ಬಿಡಿಸಿ ಅಂಟಿಸಬಹುದು, ಅಷ್ಟು ನೆನಪಿಟ್ಟುಕೊಳ್ಳಿ.

ನಾನು ಈಗ ನೋಡುವುದು ಎರಡೇ ಗುರುತು. ಒಂದು ಲೀಪಿಂಗ್ ಬನ್ನಿ, ಅಂದರೆ ಜಿಗಿಯುವ ಮೊಲ. ಇನ್ನೊಂದು ಪೇಟಾ ಅನ್ನುವ ಪ್ರಾಣಿಹಕ್ಕು ಸಂಘಟನೆಯವರದು. ಪೇಟಾ ಕಂಪನಿಯಿಂದ ಲಿಖಿತ ಭರವಸೆ ತೆಗೆದುಕೊಳ್ಳುತ್ತದೆ. ಲೀಪಿಂಗ್ ಬನ್ನಿಯವರು ಕಚ್ಚಾ ಸಾಮಗ್ರಿ ಕೊಡುವವರ ತನಕ ವಿಚಾರಿಸುತ್ತಾರೆ, ಹೊರಗಿನವರಿಂದ ಆಡಿಟ್ ಕೂಡ ಮಾಡಿಸುತ್ತಾರೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಎರಡೂ ಪಟ್ಟಿಗಳನ್ನು ಫೋನಿನಲ್ಲೇ ದುಡ್ಡು ಕೊಡದೆ ನೋಡಬಹುದು, ಅಂಗಡಿಯಲ್ಲಿ ನಿಂತುಕೊಂಡೇ ಹೆಸರು ಹಾಕಿ ಹುಡುಕಬಹುದು. ಇನ್ನು ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆ ಒಳಗಿರುವ ಸಾಮಗ್ರಿ ವೆಜ್ ಅಂತ ಹೇಳುತ್ತದೆ, ಪರೀಕ್ಷೆಯ ಬಗ್ಗೆ ಏನೂ ಹೇಳುವುದಿಲ್ಲ.

‘ಭಾರತದಲ್ಲಿ ಇದೆಲ್ಲ ನಿಷೇಧ ಅಲ್ವಾ?’ ಅಂತ ನನ್ನ ತಂಗಿ ಕೇಳಿದಳು. ಹೌದು. 2014ರಲ್ಲೇ ಸೌಂದರ್ಯ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮಲ್ಲಿ ನಿಲ್ಲಿಸಿದರು. ಅದೇ ವರ್ಷ, ಹಾಗೆ ಪರೀಕ್ಷಿಸಿದ ಮಾಲನ್ನು ಹೊರಗಿನಿಂದ ತರುವುದನ್ನೂ ನಿಷೇಧಿಸಿದರು. ಆದರೆ ದೊಡ್ಡ ಕಂಪನಿಗಳು ಹತ್ತಾರು ದೇಶಗಳಲ್ಲಿ ಮಾರುತ್ತವೆ. ಚೀನಾದಲ್ಲಿ 2021ರ ತನಕ ಆಮದಾದ ಮಾಮೂಲಿ ಶಾಂಪೂ, ಕ್ರೀಮಿಗೂ ಇಂಥ ಪರೀಕ್ಷೆ ಕಡ್ಡಾಯ ಇತ್ತು. ಆಮೇಲೆ ಷರತ್ತಿನ ಮೇಲೆ ಸಡಿಲ ಮಾಡಿದರು. ನಾನು ಕೊಟ್ಟ ದುಡ್ಡು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಮುಖ್ಯ.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಂಡೆ ಅಂದರೆ, ಅದಕ್ಕೆ ಸೀಗೆಪುಡಿಯೇ ಕಾರಣ. ಚಿಕ್ಕವಳಿದ್ದಾಗ ಭಾನುವಾರ ಎಣ್ಣೆಸ್ನಾನ, ಅಜ್ಜಿ ತಲೆ ಉಜ್ಜುವಾಗ ಸೀಗೆಪುಡಿ ಕಣ್ಣಿಗೆ ಹೋಗಿ ಮನೆಯ ಸೂರು ಹಾರಿಹೋಗುವಂತೆ ಅಳುತ್ತಿದ್ದೆ, ಅಜ್ಜಿ ತಕ್ಷಣ ತಣ್ಣೀರು ಎರಚಿ, ಸೆರಗಿನ ತುದಿಗೆ ಬಿಸಿ ಉಸಿರು ಊದಿ ಕಣ್ಣಿಗೆ ಒತ್ತುತ್ತಿದ್ದರು. ಎಷ್ಟೋ ವರ್ಷದ ಮೇಲೆ ಡ್ರೇಜ್ ಪರೀಕ್ಷೆಯ ಬಗ್ಗೆ ಓದಿದೆ. 1944ರಲ್ಲಿ ಅಮೆರಿಕದಲ್ಲಿ ಬಂದದ್ದು. ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕುತ್ತಾರೆ, ಇನ್ನೊಂದನ್ನು ಹಾಗೇ ಬಿಡುತ್ತಾರೆ, ಆಮೇಲೆ ದಿನಗಟ್ಟಲೆ ಕಣ್ಣು ಎಷ್ಟು ಕೆಂಪಾಯಿತು, ಎಷ್ಟು ಊದಿತು ಅಂತ ನೋಡಿ ಅಂಕ ಹಾಕುತ್ತಾರೆ. ಉಜ್ಜಿಕೊಳ್ಳದ ಹಾಗೆ ಮೊಲವನ್ನು ಕಟ್ಟಿಹಾಕುತ್ತಿದ್ದರಂತೆ. ಅದನ್ನು ಓದಿದ ರಾತ್ರಿ ನನಗೆ ಅಜ್ಜಿಯ ಸೆರಗೇ ನೆನಪಾಯಿತು.

ಸರಿ, ಈಗ ಸಾಮಾನಿನ ಮಾತು. ತಲೆಗೆ ಮೊದಲ ಸ್ಥಾನ ದೇವರಾಜ ಮಾರುಕಟ್ಟೆ ಹತ್ತಿರದ ಒಂದು ಗ್ರಂಧಿಗೆ ಅಂಗಡಿಗೆ. ಪುಡಿ ಕೇಳಿದರೆ ಅಂಗಡಿಯವರು, ‘ಪುಡಿ ಬೇಡ ಕಣಮ್ಮ, ಕಾಯೇ ತಗೊಂಡು ಹೋಗಿ ಮಿಲ್ಲಿಗೆ ಹಾಕಿಸಿ, ಆಗ ಒಳಗೇನಿದೆ ಅಂತ ನಿಮಗೇ ಗೊತ್ತಿರುತ್ತೆ’ ಅಂದರು. ಎಷ್ಟು ಸರಿಯಾದ ಮಾತು! ಸೀಗೆಕಾಯಿ, ಅಂಟುವಾಳ, ಮೆಂತ್ಯ, ಒಣಗಿಸಿದ ದಾಸವಾಳದ ಎಲೆ ಹಾಕಿ ಬೀಸಿಸಿದೆ. ಜೊತೆಗೆ ಚಿಗರೆಪುಡಿ, ಅಂದರೆ ಚಿಗರೆ ಮರದ ಎಲೆಯ ಪುಡಿ, ಬೇರೆ ತಂದೆ, ಅದು ತಂಪು, ಎಣ್ಣೆಯನ್ನು ಚೆನ್ನಾಗಿ ಬಿಡಿಸುತ್ತದೆ, ಸೀಗೆಯಷ್ಟು ಒರಟೂ ಅಲ್ಲ. ಕೂದಲು ಉದುರುವುದು ನಿಂತಿತು ಅಂತ ಹೇಳಲಾರೆ, ಆದರೆ ತಲೆ ತುರಿಕೆ ಹೋಯಿತು. ತೊಂದರೆ ಅಂದರೆ ಸಮಯ. ಪುಡಿ ತೊಳೆದು ತೆಗೆಯಲು ನಾಲ್ಕೈದು ತಂಬಿಗೆ ನೀರು ಜಾಸ್ತಿ ಬೇಕು, ಬಚ್ಚಲ ಜಾಲರಿ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯುವವರಿಗೆ ಭಾನುವಾರ ಮಾತ್ರ ಇದು.

ವಾರದ ನಡುವೆ ಡವ್ ಶಾಂಪೂ. ಪೇಟಾ 2018ರಲ್ಲಿ ಡವ್ ಅನ್ನು ಪಟ್ಟಿಗೆ ಸೇರಿಸಿತು. ಬೀದಿ ಕೊನೆಯ ದಿನಸಿ ಅಂಗಡಿಯಲ್ಲೂ ಸಿಗುತ್ತದೆ, ಅದೇ ದೊಡ್ಡ ಅನುಕೂಲ. ನನ್ನ ಒಣ ಕೂದಲಿಗೆ ಚೆನ್ನಾಗಿದೆ. ಮುಖಕ್ಕೆ ಪ್ಲಮ್‌ನ ಗ್ರೀನ್ ಟೀ ಫೇಸ್‌ವಾಶ್. ಇದು ಪೇಟಾ ಪಟ್ಟಿಯಲ್ಲೂ ಇದೆ, ಪೂರ್ತಿ ವೀಗನ್ ಕೂಡ, ಅಂದರೆ ಪ್ರಾಣಿಮೂಲದ್ದು ಏನೂ ಇಲ್ಲ. ಎಣ್ಣೆ ಚರ್ಮದ ನನ್ನ ಮಗಳಿಗೆ ತುಂಬ ಹಿಡಿಸಿದೆ.

ಲಿಪ್‌ಸ್ಟಿಕ್ ಮಾತ್ರ ನಿಜಕ್ಕೂ ಕಷ್ಟ. ಮೊಲದ ಗುರುತು ಇದ್ದರೂ ಒಳಗೆ ಪ್ರಾಣಿಮೂಲದ ವಸ್ತು ಇರಬಹುದು, ಯಾಕೆಂದರೆ ಆ ಗುರುತು ಪರೀಕ್ಷೆಯ ಬಗ್ಗೆ ಮಾತ್ರ. ಹಿಂದೆ ಸಣ್ಣ ಅಕ್ಷರದಲ್ಲಿ ‘ಸಿಐ 75470’ ಅಂತ ಇದ್ದರೆ ಅದು ಕಾರ್ಮೈನ್. ಪಾಪಸುಕಳ್ಳಿಯ ಮೇಲೆ ಬದುಕುವ ಪುಟ್ಟ ಹುಳುಗಳನ್ನು ಒಣಗಿಸಿ ತೆಗೆದ ಕೆಂಪು ಬಣ್ಣ. ಲ್ಯಾನೋಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು. ಮಾಲ್‌ನ ಒಂದು ಅಂಗಡಿಯಲ್ಲಿ ಇದನ್ನು ಕೇಳಿದ್ದಕ್ಕೆ ‘ಎಲ್ಲಾ ವೆಜ್ಜೇ ಮೇಡಂ’ ಅಂದ ಹುಡುಗಿ ಕೊಟ್ಟ ಪೆಟ್ಟಿಗೆ ತಿರುಗಿಸಿ ನೋಡಿದರೆ ಅದೇ ನಂಬರು. ಕೊನೆಗೆ ದಿ ಬಾಡಿ ಶಾಪ್‌ನಲ್ಲಿ ಒಂದು ಇಟ್ಟಿಗೆ ಬಣ್ಣದ್ದು ತೆಗೆದುಕೊಂಡೆ. ಲೀಪಿಂಗ್ ಬನ್ನಿ ಗುರುತು ಇದೆ. ಬೆಲೆ ಜಾಸ್ತಿಯೇ, ವರ್ಷಕ್ಕೆ ಒಂದು ಅಂತ ಸಮಾಧಾನ.

ಅಮ್ಮನ ಹೇರ್ ಡೈ ಕೊನೆಗೆ ಉಳಿದಿತ್ತು. ಗೋರಂಟಿ ಹಚ್ಚೋಣ ಅಂದರೆ ಅವರಿಗೆ ಕೆಂಪು ಕೂದಲು ಬೇಡ. ‘ಕಪ್ಪು ಮೆಹಂದಿ’ ಅಂತ ಮಾರುವ ಪ್ಯಾಕೆಟ್ ಎಷ್ಟೋ ಸಲ ಬರೀ ಸೊಪ್ಪಿನ ಪುಡಿಯಾಗಿರುವುದಿಲ್ಲ, ಪಿಪಿಡಿ ಅನ್ನುವ ರಾಸಾಯನಿಕ ಬಣ್ಣ ಸೇರಿರುತ್ತದೆ, ಓದಿ ತಗೊಳ್ಳಿ. ಗಾರ್ನಿಯರ್‌ಗೆ 2021ರಲ್ಲಿ ಲೀಪಿಂಗ್ ಬನ್ನಿ ಒಪ್ಪಿಗೆ ಸಿಕ್ಕಿದೆ. ಅದರ ಮಾಲೀಕ ಕಂಪನಿಯ ಎಲ್ಲ ಬ್ರ್ಯಾಂಡಿಗೂ ಈ ಒಪ್ಪಿಗೆ ಇಲ್ಲ. ಇದು ನನಗೆ ಸ್ವಲ್ಪ ಚುಚ್ಚುತ್ತದೆ, ಆದರೂ ತಂದಿದ್ದೇನೆ. ಹಚ್ಚುವ 48 ಗಂಟೆ ಮುಂಚೆ ಚರ್ಮಕ್ಕೆ ಸ್ವಲ್ಪ ಸವರಿ ನೋಡಿ ಅಂತ ಹೇರ್ ಡೈ ಪೆಟ್ಟಿಗೆಗಳಲ್ಲಿ ಬರೆದಿರುತ್ತದೆ, ಇಷ್ಟು ವರ್ಷ ನಾವು ಯಾರೂ ಅದನ್ನು ಮಾಡಿದವರಲ್ಲ. ನಿನ್ನೆ ಸಂಜೆ ಅಮ್ಮನ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿದೆ, ನನಗೂ ಒಂದು ಹಚ್ಚಿಕೊಂಡೆ. ಇವತ್ತಿನ ತನಕ ಇಬ್ಬರಿಗೂ ಉರಿ ಇಲ್ಲ.